ಎಡ ಅಂಗೈ

ಆ ಮನೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕತ್ತಲೆ. ಹೆದರಿಸುವ ಕತ್ತಲೆಯಲ್ಲ, ಮಧ್ಯಾಹ್ನದ ನಿದ್ದೆಯಂಥ ತಂಪು ಕತ್ತಲೆ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಿಂದ ಒಳಗೆ, ಕಬ್ಬಿನ ಹೊಲಗಳ ನಡುವೆ ನಮ್ಮೂರು. ತಲೆಬಾಗಿಲು ದಾಟಿದ ಕೂಡಲೇ ಎಡಬಲಕ್ಕೆ ದನಗಳು. ಅವುಗಳ ಬಿಸಿಯುಸಿರು ತಾಗಿಸಿಕೊಂಡೇ ಒಳಗೆ ಬರಬೇಕು. ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡಿಗೆಮನೆ, ಅಡಿಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಮಾಡಿನ ನಡುವೆ ಒಂದೇ ಒಂದು ಗಾಜಿನ ಹಂಚು. ಅಲ್ಲಿಂದ ಇಳಿಯುವ ಬೆಳಕಿನೊಳಗೆ ಒಲೆಯ ಹೊಗೆ ಹೊಕ್ಕು ಸುತ್ತಿ ಸುತ್ತಿ ಮೇಲೇಳುತ್ತಿತ್ತು, ನಾನು ಅಂಗಾತ ಮಲಗಿ ಅದನ್ನೇ ನೋಡುತ್ತ ನಿದ್ದೆ ಹೋಗುತ್ತಿದ್ದೆ. ಗಾಳಿ ತಿರುಗಿದ ದಿನ ದಾಂಡೇಲಿಯ ಕಾಗದದ ಕಾರ್ಖಾನೆ ಕಡೆಯಿಂದ ಬಿದಿರು ಬೇಯುವ ವಾಸನೆ ತೇಲಿ ಬರುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ವಾಸನೆ ಬಂದರೆ ಸಂಜೆಗೆ ಮಳೆ ಗ್ಯಾರಂಟಿ ಎನ್ನುತ್ತಿದ್ದಳು. ಮಳೆ ಬರುತ್ತಿರಲಿಲ್ಲ. ಆದರೂ ಹೊರಗೆ ಒಣಹಾಕಿದ್ದನ್ನೆಲ್ಲ ಒಳಗೆ ತರಿಸುತ್ತಿದ್ದಳು.

ನಾನು ಹುಟ್ಟಾ ಎಡಚಿ. ಇದು ನಮ್ಮ ಮನೆಯಲ್ಲಿ ಮಗು ಕುಂಟಾಗಿದ್ದರೆ ಎಷ್ಟು ಚಿಂತೆಯೋ ಅಷ್ಟೇ ಚಿಂತೆಯ ವಿಷಯವಾಗಿತ್ತು. ಊಟಕ್ಕೆ ಕೂತರೆ ಎಡಗೈ ತಾನಾಗಿಯೇ ರೊಟ್ಟಿಯತ್ತ ಹೋಗುತ್ತಿತ್ತು, ಆಯಿಯ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ಕೊನೆಗೆ ಅವಳು ಹೊಡೆಯುವುದನ್ನು ಬಿಟ್ಟು ಬುದ್ಧಿ ಉಪಯೋಗಿಸಿದಳು. ಅಡಿಗೆಮನೆಯಲ್ಲಿ ಕಣಜಕ್ಕೂ ಗೋಡೆಗೂ ನಡುವೆ ಒಂದು ಇಕ್ಕಟ್ಟಾದ ಮೂಲೆ ಇತ್ತು. ನನ್ನ ಎಡಮಗ್ಗುಲು ಗೋಡೆಗೆ ಅಂಟಿಕೊಳ್ಳುವ ಹಾಗೆ ಅಲ್ಲಿ ಕೂರಿಸಿ ತಾಟು ಬಲಕ್ಕೆ ಸರಿಸುತ್ತಿದ್ದಳು. ಮೊಣಕೈ ಎತ್ತಿದರೆ ಗೋಡೆಯ ಸುಣ್ಣ ಮೈಮೇಲೆ ಉದುರಬೇಕು. ನನ್ನ ಬಾಲ್ಯದ ಊಟವೆಲ್ಲ ಹೀಗೆ ಗೋಡೆಗೆ ಒರಗಿಯೇ ನಡೆಯಿತು. ಪುಂಡಿಪಲ್ಯದ ಹುಳಿ ನೆನೆದರೆ ಅದರ ಜೊತೆ ಸುಣ್ಣದ ವಾಸನೆಯೂ ಬರುತ್ತದೆ. ಕೊಡುವುದು, ಇಸಿದುಕೊಳ್ಳುವುದು, ದೀಪ ಹಚ್ಚುವುದು, ದೊಡ್ಡವರಿಗೆ ನೀರು ಕೊಡುವುದು ಎಲ್ಲ ಬಲಗೈ ಪಾಲಾಯಿತು. ಎಡಗೈಗೆ ಉಳಿದದ್ದು ಹಿತ್ತಲು.

ಹಿತ್ತಲಿನ ಗೋಡೆ ಎತ್ತರವಾಗಿತ್ತು, ದಿನವಿಡೀ ಬಿಸಿಲು ಕಾಯುತ್ತಿತ್ತು. ಅದು ಕುಳ್ಳಿನ ಗೋಡೆ. ಎಲ್ಲರ ಮನೆಯಲ್ಲೂ ಸಗಣಿಯನ್ನು ಕೈಗೆಟುಕುವ ಎತ್ತರಕ್ಕೆ ತಟ್ಟುತ್ತಾರೆ. ನಮ್ಮಲ್ಲಿ ದನ ಹೆಚ್ಚು, ಗೋಡೆ ಒಂದೇ. ಹಾಗಾಗಿ ಮೇಲಿನ ಅರ್ಧಕ್ಕೆ ಎಸೆಯಬೇಕಿತ್ತು. ಅವ್ವ ಹೊಟ್ಟು ಕಲಸಿ ಉಂಡೆ ಕಟ್ಟಿ ಕೊಡುತ್ತಿದ್ದಳು, ನಾನು ದೂರ ನಿಂತು ಒಗೆಯುತ್ತಿದ್ದೆ. ಸುಮ್ಮನೆ ಒಗೆದರೆ ಉಂಡೆ ಗೋಡೆಗೆ ಬಡಿದು ಜಾರಿ ಕೆಳಗೆ ಬೀಳುತ್ತದೆ. ಬಿಡುವಾಗ ಮಣಿಕಟ್ಟು ಒಂದಿಷ್ಟು ತಿರುಚಬೇಕು, ಆಗ ಅದು ಗೋಡೆಗೆ ಹೋಗಿ ರೊಟ್ಟಿಯ ಹಾಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಕುಳ್ಳಿನ ಪಕ್ಕಕ್ಕೇ ಮುಂದಿನದು ಬೀಳಬೇಕು, ನಡುವೆ ಜಾಗ ಬಿಟ್ಟರೆ ಗೋಡೆ ದಂಡ ಎಂದು ಅವ್ವ ಬೈಯುತ್ತಿದ್ದಳು. ಒಗೆಯುತ್ತ ಒಗೆಯುತ್ತ ಒಂದು ಹೊತ್ತಿನ ಮೇಲೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಗೋಡೆ ದೂರ ಸರಿದಂತೆ, ಕೈ ಬೇರೆ ಯಾರದೋ ಆದಂತೆ ಅನಿಸುತ್ತಿತ್ತು. ಅಷ್ಟು ಸುಖ ನನಗೆ ಆಟದಲ್ಲೂ ಸಿಕ್ಕಿರಲಿಲ್ಲ.

ಆ ಸುಖಕ್ಕೂ ಕುತ್ತು ಬಂತು. ಮಠದ ಅಯ್ಯನವರು ಬಂದು ನನಗೆ ಲಿಂಗ ಕಟ್ಟಿದರು. ಕೊರಳ ದಾರದಿಂದ ಲಿಂಗವನ್ನು ಬಿಚ್ಚಿ ನನ್ನ ಎಡ ಅಂಗೈ ಮೇಲೆ ಇಟ್ಟು, ಇದು ಶಿವ ಕೂಡುವ ಪೀಠ, ದಿನಾ ಬೆಳಿಗ್ಗೆ ಇಲ್ಲೇ ಇಟ್ಟು ಪೂಜೆ ಮಾಡು ಎಂದರು. ಆಯಿಯ ಮುಖ ನಾನು ನೋಡಿದೆ. ತಾನೂ ಜೀವನವಿಡೀ ಲಿಂಗವನ್ನು ಎಡಗೈಯಲ್ಲೇ ಇಟ್ಟು ಪೂಜೆ ಮಾಡಿದವಳು, ಆದರೆ ನನ್ನ ಎಡಗೈಯನ್ನು ಮಾತ್ರ ಹಿತ್ತಲಿಗೆ ಕಳಿಸಿದ್ದಳು. ಆವತ್ತೇ ಹುಕುಂ ಹೊರಟಿತು: ಆ ಕೈ ಇನ್ನು ಉಣ್ಣುವುದೂ ಇಲ್ಲ, ಸಗಣಿ ಮುಟ್ಟುವುದೂ ಇಲ್ಲ. ಬಲಗೈಯಲ್ಲಿ ಒಗೆದ ಉಂಡೆಗಳು ಅರ್ಧ ದಾರಿಗೇ ಬಿದ್ದು ಹಿತ್ತಲೆಲ್ಲ ರಾಡಿಯಾಯಿತು. ಮಳೆಗಾಲ ಹತ್ತಿರ ಬಂದರೂ ಗೋಡೆಯ ಮೇಲರ್ಧ ಖಾಲಿಯೇ. ಒಂದು ದಿನ ಅವ್ವ, ಅತ್ತೆಯ ಎದುರು ದನಿ ಎತ್ತದ ನಮ್ಮವ್ವ, ಕಲಸುವ ಕೈ ನಿಲ್ಲಿಸಿ ಕೇಳಿಯೇಬಿಟ್ಟಳು.

“ಸಗಣಿ ಮೈಲಿಗಿ ಆದ್ರ, ನೀವು ಹಣಿಗೆ ಹಚ್ಚಿಕೊಂಡ ಈಬತ್ತಿ ಯಾತರದ್ದರೀ ಅತ್ತಿ? ಸಗಣಿ ಸುಟ್ಟ ಮಾಡಿದ್ದಲ್ಲೇನು?”

ಆಯಿ ಹಣೆ ಮುಟ್ಟಿಕೊಂಡಳು. ಎರಡು ದಿನ ಬರೀ ಮಜ್ಜಿಗೆ ಅನ್ನ ಉಂಡಳು, ಮೂರನೆಯ ದಿನ ತಾನೇ ಒಂದು ಉಂಡೆ ಕಟ್ಟಿ ನನ್ನ ಕೈಗೆ ಕೊಟ್ಟಳು. ಒಗೆಯುವ ಮೊದಲು ಮತ್ತು ಒಗೆದ ಮೇಲೆ ಕೈ ತೊಳೆಯಬೇಕು ಎಂಬ ಕರಾರು ಮಾತ್ರ ಉಳಿಯಿತು. ಆ ಜಗಳದಲ್ಲಿ ಅವ್ವ ಸೋತಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ.

ಹಳಿಯಾಳದ ಕಾಲೇಜು ಸೇರಿದಾಗ ಬೇಸ್‌ಬಾಲ್ ಎಂಬ ಶಬ್ದವನ್ನೇ ನಾನು ಕೇಳಿರಲಿಲ್ಲ. ಪಿ.ಟಿ. ಸರ್ ಎಲ್ಲಿಂದಲೋ ಹಳೆಯ ಗ್ಲೌಸು, ಬ್ಯಾಟು ತಂದು ಹುಡುಗಿಯರ ತಂಡ ಕಟ್ಟುವ ಹುಚ್ಚಿಗೆ ಬಿದ್ದಿದ್ದರು. ಒಬ್ಬಳು ನಡುವೆ ನಿಂತು ಚೆಂಡು ಎಸೆಯಬೇಕು, ಅವಳು ಪಿಚರ್. ಎದುರಾಳಿ ಬ್ಯಾಟು ಬೀಸಬೇಕು. ಬ್ಯಾಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತವಳು ಹಿಡಿಯಬೇಕು, ಅವಳು ಕ್ಯಾಚರ್. ನಮಗೆ ಅರ್ಥವಾಗಿದ್ದು ಇಷ್ಟೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಸೆಯಿಸಿದರು. ನಾನು ಮರ್ಯಾದೆಯಿಂದ ಬಲಗೈಯಲ್ಲಿ ಎಸೆದೆ, ಹುಡುಗಿಯರು ನಕ್ಕರು. ಸಿಟ್ಟು ಬಂತು. ಮುಂದಿನ ಚೆಂಡನ್ನು ಎಡಗೈಯಲ್ಲಿ ಒಗೆದೆ. ಹಿಡಿಯಲು ಕೂತಿದ್ದ ಹುಡುಗಿ ಹಿಂದಕ್ಕೆ ಉರುಳಿ ಅಂಗಾತ ಬಿದ್ದಳು. ಬಿದ್ದಲ್ಲಿಂದಲೇ ಗ್ಲೌಸು ಮೇಲೆತ್ತಿ ತೋರಿಸಿದಳು, ಚೆಂಡು ಅದರೊಳಗೇ ಇತ್ತು. ಅವಳೇ ರೆಹಾನಾ, ದಾಂಡೇಲಿಯಲ್ಲಿ ಲಾರಿ ಗ್ಯಾರೇಜು ಇಟ್ಟ ಮೇಸ್ತ್ರಿಯ ಮಗಳು. ಪಿ.ಟಿ. ಸರ್ ನನ್ನ ಹತ್ತಿರ ಬಂದು, ಎಡಚಿ ಎಂದು ಮೊದಲೇ ಹೇಳಬಾರದಾ ಎಂದು ಬೈದರು. ಎಡಚಿ ಎಂಬುದನ್ನು ಸಂತೋಷದಿಂದ ಹೇಳಿದ ಮೊದಲ ಮನುಷ್ಯ ಅವರು.

ಅಲ್ಲಿಂದ ಮುಂದಿನದು ನನಗೆ ಈಗ ಕನಸಿನ ಹಾಗೆಯೇ ನೆನಪಾಗುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಸರಣಿ ಇಲ್ಲದೆ. ಬೆಳಗಿನ ಮಂಜಿನಲ್ಲಿ ರೆಹಾನಾಳ ಮುಖ ಕಾಣದೆ ಗ್ಲೌಸು ಮಾತ್ರ ಕಾಣುತ್ತಿದ್ದದ್ದು. ಜೋಯಿಡಾದ ಮೈದಾನದಲ್ಲಿ ಚೆಂಡು ಕಾಡಿಗೆ ಹೋಗಿ ಎರಡೂ ತಂಡದವರು ಆಟ ಬಿಟ್ಟು ನೆಲ್ಲಿಕಾಯಿ ಆರಿಸಿಕೊಂಡು ಬಂದದ್ದು. ಕುಂಬಾರವಾಡದ ಬಸ್ಸು ತಪ್ಪಿದ ಹುಡುಗಿಗಾಗಿ ಪಂದ್ಯವನ್ನೇ ಕಾಯಿಸಿದ್ದು. ಬ್ಯಾಟು ಹಿಡಿದು ಬಂದವಳು ಚೆಂಡು ಎದೆಯ ಎತ್ತರಕ್ಕೆ ಬರುತ್ತದೆಂದು ಬೀಸುತ್ತಿದ್ದಳು, ಅದು ಮಣಿಕಟ್ಟಿನ ತಿರುವಿಗೆ ಕೊನೆಯ ಗಳಿಗೆಯಲ್ಲಿ ಮೊಣಕಾಲಿಗೆ ಇಳಿದು ರೆಹಾನಾಳ ಕೈ ಸೇರುತ್ತಿತ್ತು. ಇದು ಯಾವ ಊರಿನ ಮಾಟ ಎಂದು ಒಬ್ಬ ಕೋಚ್ ಕೇಳಿದ್ದರು. ಕುಳ್ಳಿನದು ಎಂದರೆ ನಂಬುತ್ತಾರೆಯೇ? ಸುದ್ದಿಪತ್ರಿಕೆಯ ಮೂಲೆಯಲ್ಲಿ ನನ್ನ ಫೋಟೋ ಬಂತು, ಯೂನಿವರ್ಸಿಟಿ ತಂಡದ ಆಯ್ಕೆಗೆ ಕರೆ ಬಂತು. ರೆಹಾನಾ ಮಾತ್ರ ಹೊಗಳಿಕೆಯಲ್ಲೂ ಬೈಗುಳ ಬೆರೆಸುತ್ತಿದ್ದಳು. ನಿನ್ನ ಚೆಂಡು ಬರುವುದು ಕಾಣುವುದೇ ಇಲ್ಲ ಮಾರಾಯ್ತಿ, ಅಂಗೈ ಉರಿದ ಮೇಲೆ ಬಂತೆಂದು ಗೊತ್ತಾಗುತ್ತದೆ ಎನ್ನುತ್ತಿದ್ದಳು.

ಮನೆಯಲ್ಲಿ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ. ಆಯ್ಕೆ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಸರ್ ಹೊಸ ಚೆಂಡು ಕೊಟ್ಟು ಮನೆಯಲ್ಲೂ ಅಭ್ಯಾಸ ಮಾಡು ಎಂದರು. ಅದನ್ನು ಪಡಸಾಲೆಯಲ್ಲಿ ಇಟ್ಟಿದ್ದೆ. ಆಯಿ ಎತ್ತಿಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದಳು. ಬಿಸಿ ಕೆಂಡ ಬಿಟ್ಟ ಹಾಗೆ ಕೆಳಗೆ ಬಿಟ್ಟಳು. ತೊಗಲು. ಗ್ಲೌಸು ತರಿಸಿ ನೋಡಿದಳು, ಅದೂ ತೊಗಲು. ಯಾವ ಕೈಯಲ್ಲಿ ಯಾವುದು ಎಂದು ಕೇಳಿದಳು. ಗ್ಲೌಸು ಬಲಗೈಗೆ, ಚೆಂಡು ಎಡಗೈಗೆ ಎಂದೆ.

“ಉಣ್ಣೂ ಕೈಯಾಗೂ ತೊಗಲು, ಲಿಂಗದ ಕೈಯಾಗೂ ತೊಗಲು. ಇನ್ನ ಬಾಯಾಗೊಂದು ಇಟಗೊಂಡುಬಿಡು.”

ಅಪ್ಪ ಮೆಲ್ಲಗೆ, ನೀನು ಮೆಟ್ಟುವ ಕೆರವೂ ತೊಗಲಿನದೇ ಅಲ್ಲವೇ ಎಂದ. ಕೆರ ಕಾಲಲ್ಲಿ ಇರುತ್ತದೆ, ತಲೆಯ ಮೇಲೆ ಇಟ್ಟುಕೊಂಡಿದ್ದೇನೆಯೇ ಎಂದು ಆಯಿ ತಿರುಗಿ ಕೇಳಿದಳು. ಆಯಿ ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆ. ಆಡುವುದು ಬಿಡುವುದು ನಿನ್ನಿಷ್ಟ, ಆದರೆ ಸತ್ತ ಆಕಳಿನ ತೊಗಲು ಹಿಡಿದ ಅಂಗೈ ಮೇಲೆ ಈ ಮನೆಯಲ್ಲಿ ಲಿಂಗ ಕೂಡುವುದಿಲ್ಲ ಎಂದಳು. ದಿನಾ ಬೆಳಿಗ್ಗೆ ದೇವರ ಜಗಲಿಯ ಮುಂದೆ ಅವಳ ಮಗ್ಗುಲಿಗೆ ಕೂತು, ಅವಳು ನೀರು ಹನಿಸಿದರೆ ನಾನೂ ಹನಿಸಿ, ಅವಳು ಪತ್ರಿ ಏರಿಸಿದರೆ ನಾನೂ ಏರಿಸಿ ಬೆಳೆದವಳು ನಾನು. ಆ ಜಾಗ ಹೋದರೆ ಈ ಮನೆ ನನ್ನದಲ್ಲ ಎನಿಸಿತು. ಚೆಂಡು ಬಿಟ್ಟರೆ ನಾನೇ ನಾನಲ್ಲ ಎಂದೂ ಅನಿಸಿತು. ಕಣಜದ ಹಿಂದೆ ಹೋಗಿ ಅತ್ತೆ.

ದಾರಿ ಹುಡುಕಿದವನು ಅಪ್ಪ. ರೆಹಾನಾಳನ್ನು ಮನೆಗೆ ಕರೆಸಿ ವಿಷಯ ಹೇಳಿದ. ಅವಳು ಊಟಕ್ಕೆ ಕೂತು, ಎಡಗೈಯನ್ನು ಮೊಣಕಾಲ ಮೇಲೆ ಭದ್ರವಾಗಿ ಇಟ್ಟು, ಬಲಗೈಯಲ್ಲಿ ರೊಟ್ಟಿ ಮುರಿದು ಝುಣಕ ಹಚ್ಚಿ ಉಂಡಳು. ನಮ್ಮ ಮನೆಯಲ್ಲೂ ಎಡಗೈ ತಾಟಿಗೆ ಬಂದರೆ ದಾದಿ, ಅಂದರೆ ನಮ್ಮಜ್ಜಿ, ಸಟ್ಟುಗ ಎತ್ತುತ್ತಾಳೆ ಎಂದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಆಯಿ, ನೋಡು ಆಕೆಯನ್ನು, ಕಲಿ ಎಂದು ನನಗೆ ಹೇಳಿ ಅವಳಿಗೆ ಇನ್ನೊಂದು ರೊಟ್ಟಿ ಹಾಕಿಸಿದಳು. ರೆಹಾನಾ ಚೆಂಡನ್ನು ದಾಂಡೇಲಿಗೆ ಒಯ್ದಳು. ಅವರ ಗ್ಯಾರೇಜಿನ ಮಗ್ಗುಲಿಗೆ ಅನಮೋಡ ದಾಟಿ ಗೋವಾಕ್ಕೆ ಹೋಗುವ ಲಾರಿಗಳ ಸೀಟು ಹೊಲಿಯುವವರು ಇದ್ದರು. ಅವರು ತೊಗಲು ಬಿಚ್ಚಿ, ಅದೇ ಅಳತೆಗೆ ರೆಕ್ಸಿನ್ ಕತ್ತರಿಸಿ, ಅದೇ ಹೊಲಿಗೆ ಹಾಕಿ ಕೊಟ್ಟರು. ಚೆಂಡು ಲಾರಿ ಸೀಟಿನ ಹಾಗೆ ನೀಲಿಯಾಗಿ ಫಳಫಳ ಹೊಳೆಯುತ್ತ ಮನೆಗೆ ಬಂತು. ನನಗೂ ರೆಹಾನಾಳಿಗೂ ಅದೇ ನೀಲಿ ರೆಕ್ಸಿನ್ನಿನ ಗ್ಲೌಸುಗಳಾದವು. ಆಯಿ ಮೂಸಿ ನೋಡಿ, ಗೋಣು ಹಾಕಿದಳು. ಎಲ್ಲರಿಗೂ ಎಷ್ಟು ಸಮಾಧಾನ ಆಯಿತೆಂದರೆ, ಪಂದ್ಯದಲ್ಲಿ ಈ ಚೆಂಡು ನಡೆಯುತ್ತದೆಯೇ ಎಂದು ಕೇಳಬೇಕೆಂಬುದೇ ಯಾರಿಗೂ ಹೊಳೆಯಲಿಲ್ಲ. ಒಲೆ ನಮ್ಮದಾದರೆ ಅಡಿಗೆಯೂ ನಮ್ಮ ರುಚಿಯದು ಎಂದುಕೊಂಡಿದ್ದೆವು.

ಧಾರವಾಡದ ಮೈದಾನಕ್ಕೆ ಆಯಿಯೂ ಬಂದಳು. ಹುಡುಗಿಯನ್ನು ಒಬ್ಬಳನ್ನೇ ಪರಊರಿಗೆ ಕಳಿಸುವುದು ಹೇಗೆ ಎಂಬುದು ನೆಪ. ಬೇಲಿಯ ಪಕ್ಕ ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಬುತ್ತಿಗಂಟು ಮಗ್ಗುಲಿಗೆ ಇಟ್ಟು ಕೂತಳು. ನಾನು ನೀಲಿ ಚೆಂಡನ್ನು ಅಂಪೈರ್ ಕೈಗೆ ಕೊಟ್ಟೆ. ಅವರು ಅದನ್ನು ಹೊರಳಿಸಿ ನೋಡಿ, ಪಕ್ಕದವರಿಗೆ ತೋರಿಸಿ, ಹೊಟ್ಟೆ ಹಿಡಿದು ನಕ್ಕರು. ಗ್ಲೌಸು ನಿನ್ನಿಷ್ಟ, ಚೆಂಡು ಮಾತ್ರ ನಮ್ಮದು ಎಂದರು. ನೀಲಿಯದನ್ನು ಜೇಬಿಗೆ ಹಾಕಿಕೊಂಡು ಬಿಳಿಯದೊಂದನ್ನು ನನ್ನ ಕಡೆ ಚಾಚಿದರು. ನಾನು ಕೈ ಚಾಚಲಿಲ್ಲ. ಪಿ.ಟಿ. ಸರ್ ಏನೋ ಕೂಗುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಬೇವಿನ ಮರದತ್ತ ನೋಡಿದೆ. ಅಷ್ಟು ದೂರದಿಂದಲೂ ಆಯಿಗೆ ಬಣ್ಣ ಕಂಡಿತ್ತು. ಅವಳು ಎದ್ದಳು. ಬಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಅವಳು ಕಂಬಳಿಯನ್ನು ತಿರುಗಿಸಿ ಹಾಸಿ, ಮೈದಾನಕ್ಕೆ ಬೆನ್ನು ಮಾಡಿ, ರಸ್ತೆಗೆ ಮುಖ ಮಾಡಿ ಕೂತಳು. ನಾನು ಬಿಳಿ ಚೆಂಡನ್ನು ಎಡಗೈಗೆ ತೆಗೆದುಕೊಂಡೆ.

ಆವತ್ತಿನ ಹಾಗೆ ನಾನು ಎಂದೂ ಎಸೆದಿಲ್ಲ. ರೆಹಾನಾಳ ನೀಲಿ ಗ್ಲೌಸು, ಅವಳ ಭುಜದಾಚೆ ದೂರದಲ್ಲಿ ಆಯಿಯ ಬೆನ್ನು, ಇವೆರಡನ್ನು ಬಿಟ್ಟು ಮೈದಾನದಲ್ಲಿ ಬೇರೇನೂ ಇರಲಿಲ್ಲ. ಬ್ಯಾಟು ಹಿಡಿದು ಬಂದವರು ಬಂದ ಹಾಗೆಯೇ ಹೋದರು. ಗೆದ್ದೆವು, ನನ್ನ ಹೆಸರು ಕೂಗಿದರು, ಆಯ್ಕೆಯಾಯಿತು. ಆಯಿ ತಿರುಗಲಿಲ್ಲ. ಹಳಿಯಾಳದವರೆಗೂ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮರುದಿನ ಬೆಳಿಗ್ಗೆ ಮಿಂದು ದೇವರ ಜಗಲಿಯ ಹತ್ತಿರ ಹೋದೆ, ಕೂಡಲು ಧೈರ್ಯವಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಯಿ ಕಣ್ಣು ತೆರೆಯದೆ, ಮಗ್ಗುಲಿನ ಮಣೆಯನ್ನು ಕೈಯಿಂದ ತಟ್ಟಿದಳು.

“ಕೈ ತೊಳಕೊಂಡಿಯಿಲ್ಲೋ? ಕೂಡು. ಪೂಜಿ ಆದಮ್ಯಾಲೆ ನಿನ್ನೀ ಆಟ ಹೇಳು. ನಾ ಏನೂ ನೋಡಿಲ್ಲ. ಒಂದ ಚೆಂಡೂ ಬಿಡಬ್ಯಾಡ.”

ಅವಳ ಲೆಕ್ಕ ಅವಳದು. ನೋಡದಿದ್ದರೆ ಒಪ್ಪಿದ ಹಾಗಲ್ಲ, ಕೇಳಿದರೆ ತಪ್ಪಿಲ್ಲ. ಮುಂದೆ ಕಾಲೇಜಿನ ವರ್ಷಗಳಲ್ಲಿ ನಾನು ಎಲ್ಲೆಲ್ಲಿ ಆಡಿದೆನೋ, ಬಸ್ಸು ಹೋಗುವಲ್ಲೆಲ್ಲ ಆಯಿ ಬಂದಳು, ಕಂಬಳಿ ಹಾಸಿದಳು, ಬೆನ್ನು ತಿರುಗಿಸಿ ಕೂತಳು. ಬೇರೆ ತಂಡದವರು ಅವಳನ್ನು ಬೆನ್ನಜ್ಜಿ ಎಂದು ಕರೆಯುತ್ತಿದ್ದರು. ಗ್ಲೌಸಿಗೆ ಚೆಂಡು ಬಡಿಯುವ ಸಪ್ಪಳದಿಂದಲೇ ಯಾವುದು ಮೊಣಕಾಲಿಗೆ ಇಳಿಯಿತು, ಯಾವುದು ನೇರ ಹೋಯಿತು ಎಂದು ಅವಳಿಗೆ ತಿಳಿಯುತ್ತಿತ್ತು. ಪೂಜೆ ಮುಗಿಸಿ ನಾನು ವರದಿ ಒಪ್ಪಿಸುವಾಗ ಎಲ್ಲಾದರೂ ಬಡಾಯಿ ಕೊಚ್ಚಿದರೆ, ಸುಳ್ಳು ಹೇಳಬೇಡ, ಆ ಚೆಂಡಿಗೆ ಬ್ಯಾಟು ತಾಗಿದ್ದು ಕೇಳಿಸಿದೆ ಎಂದು ತಿದ್ದುತ್ತಿದ್ದಳು. ಅವಳು ಒಮ್ಮೆ ತಿರುಗಿ ನೋಡಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದು ಹೇಳಲಾರೆ. ನಾನೇ ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತೇನೋ. ಕೇಳಲಿಲ್ಲ, ನಾನೂ ಅವಳ ಮೊಮ್ಮಗಳೇ.

ಈಗ ಮುಂಡಗೋಡದ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಅತಿ ದೊಡ್ಡ ಗೆಲುವು ಯಾವುದು ಟೀಚರ್ ಎಂದು ಮಕ್ಕಳು ಕೇಳಿದರೆ, ನನಗೆ ನೆನಪಾಗುವುದು ಸೋತ ಪಂದ್ಯ. ಕೊನೆಯ ವರ್ಷದ ಕೊನೆಯ ಆಟ ಅದು, ಫೈನಲ್. ಭುಜ ಆಗಲೇ ಸೋತಿತ್ತು, ಇನ್ನು ಮುಂದೆ ಆಡುವುದಿಲ್ಲ ಎಂದು ನನಗೆ ಒಳಗೊಳಗೇ ಗೊತ್ತಿತ್ತು. ಇನ್ನೊಬ್ಬಳು ಔಟಾದರೆ ಕಪ್ಪು ನಮ್ಮದು, ಒಂದು ದೊಡ್ಡ ಹೊಡೆತ ಬಿದ್ದರೆ ಅವರದು. ಎದುರಿನ ಹುಡುಗಿ ಬಡಕಲು, ಹೆದರಿದ್ದಳು. ನಾನು ಮಣಿಕಟ್ಟು ತಿರುವಿದೆ, ಅದು ತಿರುಗಲಿಲ್ಲ. ಚೆಂಡು ನೇರವಾಗಿ, ಮೆತ್ತಗೆ, ಅವಳ ಬ್ಯಾಟಿಗೇ ಹೋಯಿತು. ಮರ ಸೀಳಿದಂಥ ಸಪ್ಪಳ. ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಬಿಸಿಲಲ್ಲಿ ಕರಗಿತು. ಅವರ ತಂಡದವರು ಕುಣಿಯುತ್ತ ಮೈದಾನಕ್ಕೆ ನುಗ್ಗಿದರು, ನಮ್ಮವರು ನಿಂತಲ್ಲೇ ಕುಸಿದು ಕೂತರು. ರೆಹಾನಾ ಮುಖಕ್ಕೆ ಗ್ಲೌಸು ಮುಚ್ಚಿಕೊಂಡಿದ್ದಳು.

ನಾನು ಮರದ ಕಡೆ ನೋಡಿದೆ. ಕಂಬಳಿಯ ಮೇಲೆ ಬೆನ್ನಿರಲಿಲ್ಲ. ಆಯಿ ಎದ್ದು ನಿಂತು ನನ್ನ ಕಡೆ ನೋಡುತ್ತಿದ್ದಳು. ಎಷ್ಟೋ ಗೆಲುವಿಗೆ ತಿರುಗದವಳು ಆ ಒಂದು ಸಪ್ಪಳಕ್ಕೆ ತಿರುಗಿದ್ದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಸುಣ್ಣದ ಗೆರೆ ದಾಟಿ, ಕುಣಿಯುವ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ನಡೆದು ಬಂದಳು. ದೂರ ಹೋದ ಚೆಂಡನ್ನು ಯಾರೋ ಒಗೆದಿದ್ದರು, ಅದು ಉರುಳುತ್ತ ಬಂದು ಅವಳ ಕಾಲ ಬಳಿ ನಿಂತಿತು. ಅವಳು ಅದನ್ನು ದಾಟಿ ಬರುತ್ತಾಳೆ ಎಂದುಕೊಂಡೆ. ಬಗ್ಗಿದಳು. ಎತ್ತಿಕೊಂಡಳು. ಸೆರಗಿನಿಂದ ಧೂಳು ಒರೆಸಿ, ನನ್ನ ಎಡಗೈ ಬಿಡಿಸಿ, ಅಂಗೈಯಲ್ಲಿ ಇಟ್ಟಳು.

“ಇನ್ನೊಮ್ಮೆ ಒಗಿ,” ಅಂದಳು. “ಈಗ ನೋಡತೇನಿ.”

ಆಟ ಮುಗಿದಿತ್ತು, ಅಂಪೈರ್ ಆಗಲೇ ಹೊರಟಿದ್ದರು. ರೆಹಾನಾ ಕಣ್ಣೊರೆಸಿಕೊಂಡು ತನ್ನ ಜಾಗದಲ್ಲಿ ಮತ್ತೆ ಕುಕ್ಕರುಗಾಲಲ್ಲಿ ಕೂತು ಗ್ಲೌಸು ಚಾಚಿದಳು. ಆಯಿ ನನ್ನ ಮಗ್ಗುಲಿಗೆ ಸರಿದು, ಕಣ್ಣಿಗೆ ಬಿಸಿಲು ಬೀಳದ ಹಾಗೆ ಹಣೆಗೆ ಕೈ ಅಡ್ಡ ಹಿಡಿದಳು. ನಾನು ಒಗೆದೆ.